ಖಾಲಿ ಕೋಣೆಗೊಂದು ಚಪ್ಪಾಳೆ

ಚಪ್ಪಾಳೆ ಮೇಡಂ ಯಾರ ಮನೆಗೆ ಮೊದಲ ಸಲ ಹೋದರೂ ನೀರು ಕೇಳುವುದಿಲ್ಲ, ಕುರ್ಚಿ ಕೇಳುವುದಿಲ್ಲ. ಹಜಾರದ ನಡುವೆ ನಿಂತು, ವ್ಯಾನಿಟಿ ಬ್ಯಾಗನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಒಂದೇ ಒಂದು ಚಪ್ಪಾಳೆ ಹೊಡೆಯುತ್ತಾರೆ. ಆಮೇಲೆ ತಲೆಯನ್ನು ಸ್ವಲ್ಪ ಓರೆ ಮಾಡಿ, ಒಳಗಿನಿಂದ ಯಾರೋ ಓಗೊಡುತ್ತಾರೇನೋ ಎಂಬಂತೆ ಕಾಯುತ್ತಾರೆ. ಗೊತ್ತಿದ್ದವರು ಸುಮ್ಮನಿರುತ್ತಾರೆ, ಗೊತ್ತಿಲ್ಲದವರು ಗಾಬರಿಬೀಳುತ್ತಾರೆ. ಒಮ್ಮೆ ಬಾಡಿಗೆಮನೆ ನೋಡಲು ಹೋದಾಗ ಮನೆಯೊಡತಿ ಮುಖ ಊದಿಸಿಕೊಂಡು, "ನಮ್ಮನೇಲಿ ಸೊಳ್ಳೆ ಇಲ್ಲಮ್ಮ. ಅದು ನಿಮ್ಮ ಜೊತೇಲೇ ಬಂದಿರ್ಬೇಕು" ಎಂದುಬಿಟ್ಟಿದ್ದಳು.

ಮೇಡಂ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಅಡ್ಡಹೆಸರು ಇಟ್ಟದ್ದು ಆ ಶಾಲೆಯ ಮಕ್ಕಳೇ. ಅವರ ಯಜಮಾನರು ನೀರು ಸರಬರಾಜು ಕಚೇರಿಯಲ್ಲಿ ಕೆಮಿಸ್ಟ್ ಆಗಿದ್ದವರು, ಬಾಯಿ ತೆರೆದರೆ ತಮಾಷೆ. ನೆಂಟರಿಷ್ಟರು ಸೇರಿದಾಗಲೆಲ್ಲ ಅದೇ ಮಾತು ತೆಗೆಯುತ್ತಾರೆ: "ಮದುವೆಗೆ ಮುಂಚೆ ನನ್ನ ಬೆನ್ನಿಗೂ ಒಂದು ತಟ್ಟಿ ನೋಡಿದ್ಳು. ಒಳಗೆ ಟೊಳ್ಳು ಅಂತ ಗೊತ್ತಾದ್ಮೇಲೂ ಒಪ್ಕೊಂಡ್ಳು ನೋಡಿ, ಅದು ದೊಡ್ಡತನ." ಎಲ್ಲರೂ ನಗುತ್ತಾರೆ. ಮೇಡಂ ಕೂಡ ನಗುತ್ತಾರೆ, ಆದರೆ ಚಪ್ಪಾಳೆಯ ಗುಟ್ಟು ಮಾತ್ರ ಬಿಟ್ಟುಕೊಡುವುದಿಲ್ಲ. ಅವರಿಗೆ ಒಂದು ಸುತ್ತು ಕಡಿಮೆ ಎಂದು ಹಿಂದಿನಿಂದ ಆಡಿಕೊಂಡವರಿಗೆ ಲೆಕ್ಕವಿಲ್ಲ. ಅಂಥವರ ಬಾಯಿ ಮುಚ್ಚಿಸಲಿಕ್ಕಾದರೂ ಆ ಬೇಸಿಗೆಯ ಕಥೆ ಹೇಳಬೇಕು.

ಆಗ ಅವರು ಮೇಡಂ ಆಗಿರಲಿಲ್ಲ. ಎರಡು ಜಡೆ ಹಾಕಿಕೊಂಡು, ತನಗೆ ತಿಳಿಯದ್ದು ಪ್ರಪಂಚದಲ್ಲಿ ಇನ್ನೂ ಹುಟ್ಟಿಲ್ಲ ಎಂದುಕೊಂಡಿದ್ದ ಕಾಲೇಜು ಹುಡುಗಿ. ಬೇಸಿಗೆ ರಜೆಗೆ ಮುಂಚೆ ಕಾಲೇಜಿನ ಫಲಕದ ಮೇಲೊಂದು ಚೀಟಿ ಕಂಡಿತು. ಮಾನವ ಹಕ್ಕುಗಳ ಕಚೇರಿಯೊಂದಕ್ಕೆ ರಜೆಯಲ್ಲಿ ಕೆಲಸ ಕಲಿಯಲು ವಿಜ್ಞಾನದ ವಿದ್ಯಾರ್ಥಿಗಳು ಬೇಕು, ಇಂಟರ್ನ್ ಎಂದು ತೆಗೆದುಕೊಳ್ಳುತ್ತಾರೆ, ಅಗತ್ಯವಾದ ಉಪಕರಣ ಕೊಡುತ್ತಾರೆ. ಹುಡುಗಿಯ ಕಣ್ಣು ನೆಟ್ಟದ್ದು ಮಾನವನ ಮೇಲೂ ಅಲ್ಲ, ಹಕ್ಕಿನ ಮೇಲೂ ಅಲ್ಲ. ಉಪಕರಣಗಳ ಸಾಲಿನಲ್ಲಿ 'ಟೇಪ್ ರೆಕಾರ್ಡರ್' ಎಂದಿತ್ತು. ಸದ್ದಿನ ಪಾಠ ಎಂದರೆ ಪ್ರಾಣ ಬಿಡುತ್ತಿದ್ದ ಅವಳು ಟೇಪ್ ರೆಕಾರ್ಡರನ್ನು ಅಂಗಡಿಯ ಗಾಜಿನ ಆಚೆಗೆ ಮಾತ್ರ ನೋಡಿದ್ದಳು.

ಮನೆಯಲ್ಲಿ ಅಪ್ಪ ತಲೆ ಮೇಲೆ ಕೈ ಹೊತ್ತು ಕೂತರು. "ಫಿಸಿಕ್ಸಿಗೂ ಅದಕ್ಕೂ ಏನಮ್ಮ ಸಂಬಂಧ? ಅಲ್ಲಿಗೆ ಹೋಗೋರೆಲ್ಲ ಒಂದಿನ ಪೊಲೀಸ್ ಸ್ಟೇಷನ್ ಮುಂದೆ ನಿಂತಿರ್ತಾರೆ."

"ಲೈಬ್ರರಿ ಇದ್ದ ಹಾಗೆ ಇರುತ್ತಪ್ಪ," ಎಂದು ಅವಳು ತುಟಿಯಂಚಿನಲ್ಲಿ ಸುಳ್ಳು ಹೇಳಿದಳು.

ಅಮ್ಮ ಒಗೆದ ಬಟ್ಟೆ ಮಡಚುತ್ತ, "ಹೋಗ್ಲಿ ಬಿಡ್ರೀ. ಮನೇಲಿದ್ರೆ ರೇಡಿಯೋ ಬಿಚ್ಚಿಡ್ತಾಳೆ, ಆಮೇಲೆ ಅದನ್ನ ಸೇರಿಸೋಕೆ ನೀವು ಒದ್ದಾಡ್ತೀರ" ಎಂದರು. ಅಲ್ಲಿಗೆ ಮಾತು ಮುಗಿಯಿತು.

ಕಚೇರಿ ಇದ್ದದ್ದು ಪಾತ್ರೆ ಅಂಗಡಿಯ ಮಹಡಿಯ ಮೇಲೆ. ಕೆಳಗೆ ದಿನಕ್ಕೊಮ್ಮೆಯಾದರೂ ತಟ್ಟೆಗಳ ರಾಶಿ ಜಾರಿ ಬೀಳುತ್ತಿತ್ತು, ಮೇಲಿದ್ದವರೆಲ್ಲ ಬೆಚ್ಚಿಬೀಳುತ್ತಿದ್ದರು. ಹೊರಗಿನ ಕೋಣೆಯಲ್ಲಿ ದೊಡ್ಡ ಲಾಯರ್ರು. ಆಳು ಗಿಡ್ಡ, ಮೇಜಿನ ಹಿಂದೆ ಕೂತರೆ ಕನ್ನಡಕ ಮಾತ್ರ ಕಾಣುತ್ತಿತ್ತು. ಆದರೂ ಊರಿಗೆಲ್ಲ ಅವರು ದೊಡ್ಡ ಲಾಯರ್ರೇ. ಒಳಗಿನ ಚಿಕ್ಕ ಕೋಣೆಯಲ್ಲಿ ಕಿಟಕಿಯ ಪಕ್ಕ ಟೈಪಿಸ್ಟ್ ಅಕ್ಕ. ತೆಳ್ಳಗೆ, ನೆಟ್ಟಗೆ ಕೂತು, ಮುಖ ತಿರುಗಿಸದೆ ಟೈಪ್ ಮಾಡುತ್ತಲೇ, "ಫ್ಲಾಸ್ಕಲ್ಲಿ ಚಹಾ ಇದೆ, ಕಪ್ ತೊಳ್ಕೊಂಡು ಕುಡೀರಿ. ಕುಡಿದು ತೊಳೀರಿ" ಎಂದು ಹೇಳುವುದರಲ್ಲಿ ಅವರಿಗೆ ಅವರೇ ಸಾಟಿ. ಆ ವರ್ಷ ಸೇರಿದ್ದ ಇನ್ನೊಬ್ಬ ಇಂಟರ್ನ್ ಒಬ್ಬ ಕೆಮಿಸ್ಟ್ರಿ ಹುಡುಗ. ಕಾರ್ಖಾನೆಯ ಪಕ್ಕದ ಬಾವಿಗಳ ನೀರು ಪರೀಕ್ಷೆ ಮಾಡುವುದು ಅವನ ಪಾಲಿಗೆ. ಅವನ ಕೈ ಸದಾ ಏನೋ ನಾರುತ್ತಿದ್ದುದರಿಂದ ಚಹಾ ಕಪ್ಪು ತೊಳೆಯುವ ಕೆಲಸದಿಂದ ಅವನಿಗೆ ವಿನಾಯಿತಿ ಸಿಕ್ಕಿತ್ತು. ಬೇಕೆಂದೇ ಕೈ ತೊಳೆಯದೆ ಬರುತ್ತಾನೆ ಎಂದು ಹುಡುಗಿಗೆ ಅನುಮಾನ. ಮದುವೆಯಾಗಿ ಇಷ್ಟು ಕಾಲವಾದರೂ ಆ ಅನುಮಾನ ಹೋಗಿಲ್ಲ.

ಲಾಯರ್ರು ಮೊದಲ ದಿನವೇ ಟೇಪ್ ರೆಕಾರ್ಡರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಒಂದು ವಾರ ಮಿಷನ್ ಮುಟ್ಟಬಾರ್ದು. ಮೊದಲು ಮನುಷ್ಯನ ಮಾತು ಕೇಳಿಸ್ಕೋ." ಪ್ರತಿವರ್ಷ ಬರುವ ಎಲ್ಲ ವಿದ್ಯಾರ್ಥಿಗಳಿಗೂ ಅದೇ ಕಟ್ಟಳೆ. ಹುಡುಗಿ ಒಳಗೊಳಗೇ ಉರಿದುಹೋದಳು. ಸಕ್ಕರೆ ಡಬ್ಬಿ ತೋರಿಸಿ ಅಟ್ಟದ ಮೇಲಿಟ್ಟ ಹಾಗಾಗಿತ್ತು ಅವಳಿಗೆ.

ಅವಳು ಕೇಳಿಸಿಕೊಳ್ಳಬೇಕಾಗಿದ್ದ ಮನುಷ್ಯ ಒಬ್ಬ ಬಸ್ ಕಂಡಕ್ಟರ್. ಎತ್ತರದ ಆಳು. ಮಾತಿನ ನಡುವೆ ಅಭ್ಯಾಸಬಲದಿಂದ ಎಡಗೈ ಮೇಲೆತ್ತಿ ಇಲ್ಲದ ಕಂಬಿ ಹಿಡಿಯಲು ಹೋಗುತ್ತಿದ್ದರು. ಹಿಂದೊಮ್ಮೆ ಊರಿನಲ್ಲಿ ದೊಡ್ಡ ಮುಷ್ಕರ ನಡೆದಿತ್ತು. ಆ ವಾರ ಮನೆಮನೆಯಿಂದ ಗಂಡಸರನ್ನು ಜೀಪಿನಲ್ಲಿ ಹಾಕಿಕೊಂಡು ಹೋಗಿದ್ದರು. ಕಂಡಕ್ಟರ್ ಮರಳಿ ಬಂದರು. ಉಳಿದವರು ಬರಲಿಲ್ಲ. ಕೇಳಿದರೆ ಅಧಿಕಾರಿಗಳದು ಒಂದೇ ಮಾತು: ನಾವು ಹಿಡಿದದ್ದು ಈ ಒಬ್ಬನನ್ನು, ಬೇರೆಯವರು ಮನೆ ಬಿಟ್ಟು ಪರಾರಿ.

ಆ ಪರಾರಿಯಾದವರಲ್ಲಿ ಟೈಪಿಸ್ಟ್ ಅಕ್ಕನ ತಮ್ಮನೂ ಒಬ್ಬ. ಕಾರ್ಖಾನೆಯಲ್ಲಿ ಲೇತ್ ಯಂತ್ರ ಓಡಿಸುತ್ತಿದ್ದವನು. ಇದನ್ನು ಹುಡುಗಿಗೆ ಹೇಳಿದ್ದು ಕೆಮಿಸ್ಟ್ರಿ ಹುಡುಗ, ಅದೂ ಮೆಟ್ಟಿಲ ಮೇಲೆ ನಿಂತು, ದನಿ ತಗ್ಗಿಸಿ. ಅಕ್ಕ ಯಾರ ಮುಂದೆಯೂ ಆ ಮಾತೆತ್ತುತ್ತಿರಲಿಲ್ಲ. ಆದರೆ ಅವರ ತಾಯಿ ಇನ್ನೂ ಬದುಕಿದ್ದರು. ನಲ್ಲಿ ನೀರಿಗೆ ನಿಂತರೆ ಯಾರಾದರೊಬ್ಬರು, "ಮಗ ಯಾರ ಜೊತೆ ಓಡಿಹೋದ ಅಂತ ಏನಾದ್ರೂ ತಿಳೀತಾ?" ಎಂದು ಕೇಳಿಯೇ ಕೇಳುತ್ತಿದ್ದರು. ಆ ತಾಯಿ ನೀರಿಗೆ ಹೋಗುವುದನ್ನೇ ಬಿಟ್ಟಿದ್ದರು. ಪ್ರತಿಯೊಂದು ಸರ್ಕಾರಿ ಉತ್ತರದಲ್ಲೂ 'ಪರಾರಿ' ಎಂದು ಬರುತ್ತಿತ್ತು. ಅದರ ನಕಲನ್ನು ಅಕ್ಕನೇ ಟೈಪ್ ಮಾಡಬೇಕಾಗಿತ್ತು. ಆ ಒಂದು ಮಾತು ಅಳಿಸಿಹೋಗಲಿ ಎಂದೇ ಅವರು ಈ ಕೆಲಸಕ್ಕೆ ಸೇರಿದ್ದು.

ಅಳಿಸಬಲ್ಲವರು ಕಂಡಕ್ಟರ್ ಒಬ್ಬರೇ. ಆದರೆ ಅವರೂ ಏನನ್ನೂ ಕಂಡಿರಲಿಲ್ಲ.

"ಜೀಪ್ ಹತ್ತಿಸೋವಾಗ್ಲೇ ಕಣ್ಣಿಗೆ ಬಟ್ಟೆ ಕಟ್ಟಿದ್ರು, ಕೊನೆಗೆ ವಾಪಸ್ ಊರಿಗೆ ತಂದು ಇಳಿಸೋವರೆಗೂ ಬಿಚ್ಚಲಿಲ್ಲ," ಎನ್ನುತ್ತಿದ್ದರು. "ಒಂದು ದೊಡ್ಡ ಫ್ಯಾನು ಹಗಲೂರಾತ್ರಿ ಗೊರ್‌ ಅನ್ನೋದು. ಪಕ್ಕದಲ್ಲಿ ಯಾರಾದ್ರೂ ಉಸಿರಾಡಿದ್ರೂ ಕೇಳಿಸೋ ಹಾಗಿಲ್ಲ. ಮಾತಾಡಿದ್ರೆ ಲಾಠಿ. ಬಾಗಿಲ ಕಬ್ಬಿಣದ ಅಗಳಿ ಹಾಕೋ ಸದ್ದು ಒಂದು ಮಾತ್ರ ಫ್ಯಾನನ್ನೂ ಮೀರಿ ಕೇಳ್ತಿತ್ತು."

"ಹೇಗೆ ಕೇಳ್ತಿತ್ತಣ್ಣ?"

"ಮೊದಮೊದಲು ಧಬ್ ಅಂತ ಅಲ್ಲೇ ಸತ್ತುಹೋಗೋದು. ಕೊನೆಕೊನೆಗೆ ಠಣ್‌... ಅಂತ ಗೋಡೆಗೋಡೆ ಸುತ್ತಿ ಬರೋದು."

"ಬೇರೆಯವರು ಇದ್ರಾ ಅಲ್ಲಿ?"

ಕಂಡಕ್ಟರ್ ಇಲ್ಲದ ಕಂಬಿಯನ್ನು ಹಿಡಿದು ಬಿಟ್ಟರು. "ಇದ್ರು ಅಂತ ಅನ್ಸೋದು. ಆದ್ರೆ ಕಣ್ಣಾರೆ ನೋಡ್ಲಿಲ್ಲವಲ್ಲ ತಾಯಿ. ಆಣೆ ಇಟ್ಟು ಹೇಗೆ ಹೇಳ್ಲಿ?"

ವಿಚಾರಣಾ ಆಯೋಗದ ಮುಂದೆ ಅವರು ಈ ಅಗಳಿಯ ಮಾತು ಹೇಳಿದಾಗ ಎದುರು ಪಕ್ಷದ ವಕೀಲರು ಎದ್ದು ನಿಂತು, "ಹಾಗಾದ್ರೆ ಕೋಣೆ ದಿನದಿನಕ್ಕೂ ಬೆಳೀತಾ ಇತ್ತೇನಪ್ಪ?" ಎಂದು ಕೇಳಿದ್ದರಂತೆ. ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅಧಿಕಾರಿಗಳು ಆ ಕಟ್ಟಡದ ನಕ್ಷೆ ಲಗತ್ತಿಸಿ ಬರೆದುಕೊಟ್ಟದ್ದು ಹೀಗೆ: ಈತನನ್ನು ಪಕ್ಕದ ಸಣ್ಣ ಕೋಣೆಯಲ್ಲಿ ಒಬ್ಬನನ್ನೇ ಇಟ್ಟಿದ್ದೆವು, ದೊಡ್ಡ ಹಾಲ್ ಆ ಕಾಲದಲ್ಲೆಲ್ಲ ಖಾಲಿ ಬಿದ್ದು ಬೀಗ ಹಾಕಿತ್ತು. ಮುಂದಿನ ವಿಚಾರಣೆ ಮಳೆಗಾಲಕ್ಕೆ. ಅಷ್ಟರೊಳಗೆ ಆತ ಇದ್ದದ್ದು ಯಾವ ಕೋಣೆಯಲ್ಲಿ ಎಂದು ಸದ್ದಿನಿಂದ ಹೇಳಲು ಸಾಧ್ಯವೇ ನೋಡು ಎಂದು ಲಾಯರ್ರು ವಾರ ಮುಗಿದ ಮೇಲೆ ಬೀರುವಿನ ಬೀಗ ತೆಗೆದರು.

ಆಹಾ, ಆ ದಿನಗಳು! ಮೇಡಂ ಇವತ್ತಿಗೂ ಆ ದಿನಗಳನ್ನು ನೆನೆದರೆ ಮುಖದ ಸುಕ್ಕೆಲ್ಲ ಬಿಚ್ಚಿಕೊಳ್ಳುತ್ತದೆ. ಗುಜರಿ ಅಂಗಡಿಯಿಂದ ಅಂಥದೇ ಕಬ್ಬಿಣದ ಅಗಳಿ ತಂದು ಹಲಗೆಗೆ ಹೊಡೆಸಿದರು. ಹಲಗೆ ಕೆಮಿಸ್ಟ್ರಿ ಹುಡುಗನ ಹೆಗಲಿಗೆ, ಟೇಪ್ ರೆಕಾರ್ಡರ್ ಹುಡುಗಿಯ ಹೆಗಲಿಗೆ. ಊರಿನ ಕೋಣೆಗಳನ್ನೆಲ್ಲ ಸುತ್ತಿ, ನಡುವೆ ನಿಂತು ಅಗಳಿ ಬೀಳಿಸಿ, ಸದ್ದು ಹಿಡಿಯುವುದು. ಬೆಳಗಿನ ಖಾಲಿ ಸಿನಿಮಾ ಟಾಕೀಸು, ರಜೆಯಲ್ಲಿದ್ದ ಶಾಲೆಯ ಹಾಲ್, ಜವಳಿ ಅಂಗಡಿಯ ಉಗ್ರಾಣ, ಆಸ್ಪತ್ರೆಯ ಮೆಟ್ಟಿಲ ಸಾಲು, ಒಣಗಿದ ನೀರಿನ ತೊಟ್ಟಿ, ಯಾವುದನ್ನೂ ಬಿಡಲಿಲ್ಲ. ಲಾಡ್ಜೊಂದರ ಬಚ್ಚಲುಮನೆ ಸಾಕು, ಒಂದು ಗಳಿಗೆ ಬಿಡಿ ಎಂದು ಕೇಳಿದಾಗ ಮ್ಯಾನೇಜರ್ ಹುಡುಗನನ್ನು, ಹುಡುಗಿಯನ್ನು, ಹಲಗೆಯ ಮೇಲಿನ ಅಗಳಿಯನ್ನು ಸರದಿಯಂತೆ ನೋಡಿ, "ನಮ್ಮ ಬಾಗಿಲಿಗೆ ಅಗಳಿ ಇದೆ ಸ್ವಾಮಿ, ಮನೆಯಿಂದ ತರೋದು ಬೇಡವಾಗಿತ್ತು" ಎಂದರು. ಇಬ್ಬರೂ ಕಾಲಿಗೆ ಬುದ್ಧಿ ಹೇಳಿದರು. ರಸ್ತೆಯ ತಿರುವಿನಲ್ಲಿ ಹಲಗೆ ಕೆಳಗಿಟ್ಟು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅವರಿಬ್ಬರ ನಡುವೆ ಏನಾದರೂ ಮೊಳೆತಿದ್ದರೆ ಆ ತಿರುವಿನಲ್ಲೇ ಮೊಳೆತದ್ದು.

ಸಂಜೆ ಕಂಡಕ್ಟರ್ ಬಂದು ಕಣ್ಣು ಮುಚ್ಚಿ ಕೂರುತ್ತಿದ್ದರು. ಹುಡುಗಿ ಒಂದೊಂದಾಗಿ ಸದ್ದು ಕೇಳಿಸುತ್ತಿದ್ದಳು. "ಅಲ್ಲ... ಅಲ್ಲ... ಇದು ಹತ್ತಿರ..." ಎನ್ನುತ್ತ ಕೊನೆಗೆ ಅವರು ಆರಿಸುತ್ತಿದ್ದುದು ಎರಡನ್ನು. ಒಂದು ಶಾಲೆಯ ಖಾಲಿ ಹಾಲ್. ಇನ್ನೊಂದು ಬಟ್ಟೆಯ ಥಾನುಗಳು ತುಂಬಿದ್ದ ಜವಳಿ ಉಗ್ರಾಣ. ಎಷ್ಟು ಸಲ ಕೇಳಿದರೂ ಅವೇ ಎರಡು, ಒಂದಕ್ಕೊಂದು ತಾಳೆಯೇ ಇಲ್ಲ.

ಕಾಲೇಜಿನ ಲ್ಯಾಬಿನಲ್ಲಿ ಇಂಥದಕ್ಕೆ ಮದ್ದು ಕಲಿಸಿದ್ದರು. ಅಳತೆ ಬೇರೆಬೇರೆ ಬಂದರೆ ಎಲ್ಲ ಕೂಡಿಸಿ ಸರಾಸರಿ ತೆಗೆ. ಹುಡುಗಿ ತೆಗೆದಳು. ತೆಗೆದು ನೋಡಿದರೆ, ಆ ಸರಾಸರಿ ಸದ್ದಿಗೆ ತಕ್ಕ ಕೋಣೆ ನಕ್ಷೆಯಲ್ಲಿ ಸಿಕ್ಕೇಬಿಟ್ಟಿತು! ಹಾಲಿನ ಪಕ್ಕದ ಸಣ್ಣ ಕೋಣೆ. ಲೆಕ್ಕ ಕೂದಲೆಳೆಯೂ ತಪ್ಪದೆ ಹೊಂದಿತು. ಕಾಲು ನೆಲದ ಮೇಲೆ ನಿಲ್ಲದಷ್ಟು ಜಂಬದಿಂದ ಅವಳು ವರದಿ ಬರೆದು ಅಕ್ಕನ ಮುಂದಿಟ್ಟಳು. ಅಕ್ಕ ಟೈಪ್ ಮಾಡಿಕೊಟ್ಟರು. ಕೊಡುವಾಗ ಕಿಟಕಿಯ ಕಡೆ ನೋಡುತ್ತಿದ್ದರು.

ಲಾಯರ್ರು ಓದಿ ಕನ್ನಡಕ ತೆಗೆದಿಟ್ಟರು. "ಇದನ್ನ ಅವರ ವಕೀಲ ಬರೆದಿದ್ರೆ ಸರಿಯಾಗ್ತಿತ್ತು."

ಹುಡುಗಿಗೆ ಆಗ ಹೊಳೆಯಿತು, ತಾನು ಅಧಿಕಾರಿಗಳ ಮಾತನ್ನೇ ವಿಜ್ಞಾನದ ಮೊಹರು ಒತ್ತಿ ಬರೆದುಕೊಟ್ಟಿದ್ದೇನೆ ಎಂದು. ಸಣ್ಣ ಕೋಣೆ, ಒಬ್ಬನೇ ಮನುಷ್ಯ. ಉಳಿದವರೆಲ್ಲ ಪರಾರಿ. ಬೆಂಚಿನ ಮೇಲೆ ಕೂತಿದ್ದ ಕಂಡಕ್ಟರ್ ಮೆಲ್ಲಗೆ ಎದ್ದರು. ಅವರಿಗೆ ಕೋಪ ಬಂದಿದ್ದರೆ ಚೆನ್ನಾಗಿತ್ತು, ಕೋಪ ಬರಲಿಲ್ಲ.

"ನಾನು ಎರಡು ಹೇಳಿದ್ದೆ ತಾಯಿ. ಎರಡೂ ನಿಜ. ನೀನು ಎರಡನ್ನೂ ಬಿಟ್ಟು, ನಾನು ಹೇಳದೇ ಇರೋ ಮೂರನೇದು ಬರೆದೆ. ಅವರು ನಗಾಡಿದ್ರು, ನೀನು ಲೆಕ್ಕ ಹಾಕ್ದೆ. ಅಷ್ಟೇ ವ್ಯತ್ಯಾಸ."

ಅವರು ಮೆಟ್ಟಿಲಿಳಿದು ಹೋದರು. ಹುಡುಗಿ ಗರ ಬಡಿದವಳಂತೆ ನಿಂತಳು. ಕೆಳಗೆ ತಟ್ಟೆಗಳ ರಾಶಿ ಬಿತ್ತು, ಯಾರೂ ಬೆಚ್ಚಲಿಲ್ಲ. "ನಿಂತ್ಕೊಂಡ್ರೆ ಏನಾಗುತ್ತೆ? ಹೋಗು," ಎಂದರು ಅಕ್ಕ, ಟೈಪು ಮುಂದುವರಿಸುತ್ತಲೇ. "ಮಾರ್ಕೆಟ್ ಬಸ್ಸು ಹತ್ತೋದು ಅವರು."

ಓಡಿಹೋಗಿ ಅವಳು ಬಸ್ಸು ಹಿಡಿದಳು. ಕಾಲಿಡಲು ಜಾಗವಿಲ್ಲದಷ್ಟು ಜನ. ಬುಟ್ಟಿ, ಚೀಲ, ಮೊಣಕೈ, ಬೆವರು. ಕಂಡಕ್ಟರ್ ಹಿಂದಿನ ಬಾಗಿಲ ಬಳಿ ನಿಂತಿದ್ದರು; ಕೇಸು ಮುಗಿಯುವ ತನಕ ಕೆಲಸವಿಲ್ಲದಿದ್ದರೂ ಕೂತು ಹೋಗಲು ಅವರ ಕಾಲು ಒಪ್ಪುತ್ತಿರಲಿಲ್ಲ. ಅವಳು ನುಗ್ಗಿಕೊಂಡು ಪಕ್ಕಕ್ಕೆ ಹೋಗಿ, "ತಪ್ಪಾಯ್ತಣ್ಣ" ಎಂದಳು. ಅವರು ತಲೆಯಾಡಿಸಿದರು.

ಮಾರ್ಕೆಟ್ ಬಂತು. ಇಡೀ ಬಸ್ಸು ಬುಳುಬುಳು ಇಳಿದು ಖಾಲಿಯಾಯಿತು. ಆ ಬಸ್ಸಿನ ಹುಡುಗ ಕಂಡಕ್ಟರ್ ಹಗ್ಗ ಎಳೆದ. ಇಷ್ಟು ಹೊತ್ತು ಕುಂಯ್ ಎನ್ನುತ್ತಿದ್ದ ಅದೇ ಗಂಟೆ ಈಗ ಟಿಣ್‌ ಎಂದು ಬಸ್ಸಿನ ಈ ತುದಿಯಿಂದ ಆ ತುದಿಗೆ ಹಾರಿತು. ಕಿಟಕಿಗಳು ಗಡಗಡ ಎಂದವು, ಡ್ರೈವರ್ ಗೇರು ಹಾಕಿದ್ದು ಕೂಡ ಕಿವಿಗೆ ಬಡಿಯಿತು.

"ಜನ ಇಳಿದ್ರೆ ಇದರ ಬಾಯಿ ಹಿಡಿಯೋರಿಲ್ಲ," ಎಂದರು ಹಳೆಯ ಕಂಡಕ್ಟರ್, ಅವಳನ್ನು ಸಮಾಧಾನ ಮಾಡಲೆಂದೇ ಏನೋ ಒಂದು ಮಾತಾಡಬೇಕಲ್ಲ ಎಂಬಂತೆ.

ಹುಡುಗಿ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಬಟ್ಟೆಯ ಥಾನುಗಳು ಸದ್ದನ್ನು ಹೀರುತ್ತವೆ. ಬಟ್ಟೆ ತೊಟ್ಟ ಮೈಗಳೂ ಹೀರುತ್ತವೆ. ಪುಸ್ತಕದಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದೂ ಇದ್ದಳು, ಸಭಾಂಗಣದಲ್ಲಿ ಜನ ತುಂಬಿದರೆ ಪ್ರತಿಧ್ವನಿ ಕಡಿಮೆ ಎಂದು.

"ಅಣ್ಣ, ಎರಡೂ ಒಂದೇ ಕೋಣೆ," ಎಂದಳು. "ಒಂದೇ ಹಾಲ್. ಮೊದಲು ಧಬ್ ಅಂದಾಗ ಅದು ತುಂಬಿತ್ತು."

ಕಂಡಕ್ಟರ್ ಖಾಲಿ ಸೀಟುಗಳನ್ನು ನೋಡಿದರು. ಅವರ ದನಿ ಹೊರಟಾಗ ಅದು ಅವರದೇ ಎನ್ನಿಸಲಿಲ್ಲ.

"ಹಾಗಾದ್ರೆ ಅಷ್ಟೂ ಜನಾನ ಮಧ್ಯದಲ್ಲಿ ಎಲ್ಲಿ ಇಳಿಸಿದ್ರು ತಾಯಿ?"

ಇಬ್ಬರೂ ಕೊನೆಯ ಸ್ಟಾಪಿನ ತನಕ ಹೋಗಿ, ಅದೇ ಬಸ್ಸಿನಲ್ಲಿ ಮರಳಿದರು.

ಮಳೆ ಹಿಡಿದ ಮೇಲೆ ಆಯೋಗದವರು ಆ ಹಾಲಿಗೇ ಬಂದರು. ಬಾಗಿಲಿಗೆ ಅದೇ ಅಗಳಿ ಇತ್ತು, ಗೋಡೆಯಲ್ಲಿ ಅದೇ ಫ್ಯಾನು. ಕಂಡಕ್ಟರ್ ತಮ್ಮದೇ ಟವೆಲಿನಿಂದ ಕಣ್ಣು ಕಟ್ಟಿಸಿಕೊಂಡು ಮೂಲೆಯಲ್ಲಿ ಕೂತರು. ಹುಡುಗಿ ಟೇಪ್ ರೆಕಾರ್ಡರ್ ಹಿಡಿದು ನಡುವೆ ನಿಂತಳು. ಕೆಮಿಸ್ಟ್ರಿ ಹುಡುಗ ಹಿಂದೆ ನಿಂತು ಮೈಕನ್ನು ಹಿಡಿದುಕೊಂಡ. ಫ್ಯಾನು ಹಾಕಿದರು. ಖಾಲಿ ಹಾಲಿನಲ್ಲಿ ಅಗಳಿ ಬಿತ್ತು. ಠಣ್‌... ಎಂದು ಗೋಡೆ ಸುತ್ತಿತು. "ಇದು ಕೊನೆಕೊನೇದು," ಎಂದರು ಕಂಡಕ್ಟರ್.

ಆಮೇಲೆ ಲಾಯರ್ರು ಹೊರಗೆ ಸನ್ನೆ ಮಾಡಿದರು. ಮರಳಿ ಬರದೇ ಹೋದವರ ಮನೆಯವರು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ, ಒಬ್ಬರ ಹಿಂದೊಬ್ಬರು ಒಳಗೆ ಬಂದು ನೆಲದ ಮೇಲೆ ಕೂತರು. ಮುದುಕಿಯರು, ಹೆಂಡಂದಿರು, ಅಣ್ಣತಮ್ಮಂದಿರು. ಟೈಪಿಸ್ಟ್ ಅಕ್ಕ ತಾಯಿಯ ಕೈ ಹಿಡಿದು ತಂದು ಕೂರಿಸಿ, ತಾವೂ ಕೂತರು. ಯಾರೂ ಕೆಮ್ಮಲಿಲ್ಲ. ಫ್ಯಾನಿನ ಸದ್ದೊಂದೇ. ಕಣ್ಣು ಕಟ್ಟಿದ್ದ ಮನುಷ್ಯನಿಗೆ ಯಾರು ಬಂದರು, ಬಂದರೋ ಇಲ್ಲವೋ ಏನೂ ತಿಳಿಯದು. ಅಗಳಿ ಬಿತ್ತು.

ಧಬ್.

ಕಂಡಕ್ಟರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ಇದೇ," ಎಂದರು. "ಇದೇ. ಇದ್ರು. ಎಲ್ಲಾರೂ ಇದ್ರು. ನಾನೇ ಆಣೆ ಇಡ್ತೀನಿ."

ಎದುರು ಪಕ್ಷದ ವಕೀಲರು ಅಷ್ಟು ಸುಲಭಕ್ಕೆ ಸೋಲುವ ಕುಳವಲ್ಲ. ಹಾಲಿನಲ್ಲಿ ಆಗ ಗೋಣಿಚೀಲಗಳು ತುಂಬಿದ್ದಿರಬಹುದಲ್ಲ ಎಂದು ಎದ್ದರು. ಆಯೋಗದ ಅಧ್ಯಕ್ಷೆ ಕಾಗದ ತಿರುವಿ, "ಹಾಲ್ ಪೂರ್ತಿ ಖಾಲಿ ಇತ್ತು ಅಂತ ನೀವೇ ಬರ್ದು ಕೊಟ್ಟಿದೀರಲ್ಲ, ವಕೀಲರೇ?" ಎಂದು ಕೇಳಿದರು. ವಕೀಲರು ಕೂತರು. ಆ ದಿನ ನಗುವ ಸರದಿ ಇವರದಾಗಿತ್ತು, ಆದರೆ ಯಾರಿಗೂ ನಗು ಬರಲಿಲ್ಲ.

ತೀರ್ಪು ಬಂತು. ಅವರನ್ನು ಹಿಡಿದು ಆ ಹಾಲಿನಲ್ಲಿ ಕೂಡಿಹಾಕಿದ್ದು ನಿಜ, 'ಪರಾರಿ' ಎಂಬ ಮಾತನ್ನು ಎಲ್ಲ ದಾಖಲೆಗಳಿಂದ ತೆಗೆಯತಕ್ಕದ್ದು ಎಂದು. ಅವರು ಆಮೇಲೆ ಏನಾದರು ಎಂಬುದಕ್ಕೆ ಮಾತ್ರ ಯಾವ ಅಗಳಿಯೂ ಸಾಕ್ಷಿ ಹೇಳಲಿಲ್ಲ. ಕಂಡಕ್ಟರಿಗೆ ಕೆಲಸ ಮರಳಿ ಸಿಕ್ಕಿತು. ಅಕ್ಕನ ತಾಯಿ ಮಾರನೆಯ ಬೆಳಿಗ್ಗೆ ಕೊಡ ಹಿಡಿದು ನಲ್ಲಿಗೆ ಹೋಗಿ ಎಲ್ಲರಿಗಿಂತ ಮುಂದೆ ನಿಂತರಂತೆ.

ಹುಡುಗಿ ಕಾಲೇಜಿಗೆ ಮರಳಿದಳು, ಓದು ಮುಗಿಸಿದಳು, ಕೈ ನಾರುವ ಕೆಮಿಸ್ಟ್ರಿ ಹುಡುಗನನ್ನೇ ಮದುವೆಯಾದಳು, ಮೇಡಂ ಆದಳು. ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಲ್ಯಾಬಿನಲ್ಲಿ ಯಾವ ಮಗುವಾದರೂ ಬೇರೆಯಾಗಿ ಬಂದ ಅಳತೆಯನ್ನು ರಬ್ಬರಿನಿಂದ ಉಜ್ಜಲು ಹೋದರೆ ಮಾತ್ರ ಕೈ ಹಿಡಿದು, "ಅಳಿಸ್ಬೇಡ ಪುಟ್ಟಿ, ಯಾಕೆ ಹಾಗೆ ಬಂತು ಅಂತ ಅದನ್ನೇ ಕೇಳು" ಎನ್ನುತ್ತಿದ್ದರು. ಮಕ್ಕಳು ಹಿಂದೆ ತಿರುಗಿ ಮುಸಿಮುಸಿ ನಗುತ್ತಿದ್ದರು. ಅಳತೆಯನ್ನು ಯಾರಾದರೂ ಮಾತಾಡಿಸುತ್ತಾರೆಯೇ!

ಕಳೆದ ಬೇಸಿಗೆಯಲ್ಲಿ ಅಕ್ಕನ ಫೋನು ಬಂತು. ಲಾಯರ್ರು ಹೋಗಿ ಬಹಳ ಕಾಲವಾಗಿದೆ, ಕಂಡಕ್ಟರೂ ಇಲ್ಲ. ಕಚೇರಿ ಹೊಸ ಕಟ್ಟಡಕ್ಕೆ ಹೋಗುತ್ತಿದೆ. ಈಗಿನ ಇಂಟರ್ನ್ ಮಕ್ಕಳು ಕಂಪ್ಯೂಟರಿನ ಮುಂದೆ ಕೂತು ಉಪಗ್ರಹ ತೆಗೆದ ಚಿತ್ರದಲ್ಲಿ ಸುಟ್ಟ ಮನೆಗಳನ್ನು ಹುಡುಕುತ್ತಾರಂತೆ.

"ಆದ್ರೆ ಮೊದಲ ವಾರ ಅವರಿಗೂ ಕಂಪ್ಯೂಟರ್ ಮುಟ್ಟೋಕೆ ಬಿಡಲ್ಲ," ಎಂದರು ಅಕ್ಕ. "ನಾನೇ ಬಿಡಲ್ಲ. ಅದಿರ್ಲಿ, ಇಲ್ಲಿ ಎಲ್ಲಾ ಖಾಲಿ ಮಾಡಿದಾರೆ. ಒಂದ್ಸಲ ಬಂದು ಹೋಗೇ."

ಮೇಡಂ ಹೋದರು. ಮೆಟ್ಟಿಲು ಅದೇ, ಮೊಣಕಾಲು ಮಾತ್ರ ಬೇರೆ. ಕೆಳಗೆ ಪಾತ್ರೆ ಅಂಗಡಿ ಹೋಗಿ ಮೊಬೈಲ್ ಅಂಗಡಿ ಬಂದಿತ್ತು. ಒಳಗಿನ ಚಿಕ್ಕ ಕೋಣೆಯಲ್ಲಿ ಮೇಜಿಲ್ಲ, ಬೀರು ಇಲ್ಲ. ಟೈಪ್‌ರೈಟರ್ ಇದ್ದ ಕಡೆ ನೆಲದ ಮೇಲೆ ಚೌಕಾಕಾರದ ಕಲೆ. ಬೆನ್ನು ಬಾಗಿದ ಅಕ್ಕ ಕೀ ಗೊಂಚಲು ಹಿಡಿದು ಕಿಟಕಿಯ ಬಳಿ ನಿಂತಿದ್ದರು. ಆ ಕೋಣೆಯನ್ನು ಹಾಗೆ ಬೋಳಾಗಿ ನೋಡಿ ಮೇಡಂ ಬಾಗಿಲಲ್ಲೇ ನಿಂತರು. ತಾವು ಬದುಕಿದ ಅತ್ಯಂತ ಒಳ್ಳೆಯ ದಿನಗಳು ಇಲ್ಲಿಯೇ ಕಳೆದವು ಎಂದು ಅವರಿಗೆ ಆಗ ಖಂಡಿತವಾಗಿ ಅನ್ನಿಸಿತು.

"ಒಂದು ಮಾತು ಕೇಳ್ಬೇಕಿತ್ತು ನಿನ್ನ," ಎಂದರು ಅಕ್ಕ. "ಕೇಳೋಕೆ ಇಷ್ಟು ವರ್ಷ ಧೈರ್ಯ ಬರಲಿಲ್ಲ."

"ಕೇಳಿ ಅಕ್ಕ."

"ಅವತ್ತು ಹಾಲಲ್ಲಿ ಅಷ್ಟೊಂದು ಜನ ಕೂತಿದ್ವಿ. ಒಬ್ಬರು ಕಡಿಮೆ ಆಗಿದ್ರೂ ಸದ್ದು ಹಾಗೇ ಬರ್ತಿತ್ತು, ಅಲ್ವಾ? ಅಂದ್ಮೇಲೆ ಬೇರೆಯವರೆಲ್ಲ ಅಲ್ಲಿದ್ದು, ನನ್ನ ತಮ್ಮ ಒಬ್ಬ ಇಲ್ದೇ ಇದ್ದಿದ್ರೂ..."

ಎಂಥ ಮುಳ್ಳನ್ನು ಈ ಹೆಂಗಸು ಇಷ್ಟು ಕಾಲ ಒಳಗಿಟ್ಟುಕೊಂಡಿದ್ದರು! ತೀರ್ಪಿನ ಪ್ರತಿಯನ್ನು ಎಲ್ಲರ ಮನೆಗೂ ಟೈಪ್ ಮಾಡಿ ಕೊಟ್ಟವರು ಅವರೇ. ಹೌದು, ಅವನಿದ್ದ ಎಂದುಬಿಡಲು ಮೇಡಂ ಬಾಯಿ ತೆರೆದರು. ಆದರೆ ಅಳತೆಗೆ ನಿಲುಕದ್ದನ್ನು ಅಳೆದೆ ಎಂದು ಹೇಳುವ ತಪ್ಪನ್ನು ಅವರು ಒಮ್ಮೆ ಮಾಡಿಯಾಗಿತ್ತು.

"ಸ್ವಲ್ಪ ಹೊರಗೆ ಹೋಗಿ ಅಕ್ಕ," ಎಂದರು. "ಬಾಗಿಲ ಆಚೆ ನಿಂತು ಕೇಳಿಸ್ಕೊಳ್ಳಿ."

ಅಕ್ಕ ಹೋದರು. ಮೇಡಂ ಚಪ್ಪಾಳೆ ಹೊಡೆದರು. ಬೋಳು ಕೋಣೆ ಟಣ್ಣನೆ ಉಲಿಯಿತು.

"ಈಗ ಒಳಗೆ ಬಂದು ಕೂತ್ಕೊಳ್ಳಿ. ನಿಮ್ಮ ಜಾಗದಲ್ಲೇ."

ಅಕ್ಕ ಗೋಡೆ ಹಿಡಿದು, ಚೌಕದ ಕಲೆಯ ಮೇಲೆ, ಸೀರೆ ಸರಿಪಡಿಸಿಕೊಂಡು ಕೂತರು. ಮೇಡಂ ಅದೇ ಬಿರುಸಿನಲ್ಲಿ ಇನ್ನೊಮ್ಮೆ ಹೊಡೆದರು. ಸದ್ದು ಮೊದಲಿಗಿಂತ ತುಸು ಬೇಗ ಅಡಗಿತು. ತುಸುವೇ, ಆದರೂ ಬೇಗ.

"ಗೊತ್ತಾಯ್ತಾ?"

"ಗೊತ್ತಾಯ್ತು."

"ಇಷ್ಟು ನಿಮ್ಮೊಬ್ಬರಿಂದ ಆಗಿದ್ದು. ದೊಡ್ಡ ಹಾಲಲ್ಲಿ ಇದು ಎದ್ದು ಕಾಣಲ್ಲ, ಆದ್ರೆ ಇಲ್ದೇ ಇರಲ್ಲ. ಕೂತವರೆಲ್ಲ ಒಂದೊಂದು ಗುಟುಕು ಸದ್ದು ಕುಡಿದಿರ್ತಾರೆ. ನಿಮ್ಮ ತಮ್ಮ ಅಲ್ಲಿದ್ನಾ ಅಂತ ನನಗೆ ಗೊತ್ತಿಲ್ಲ ಅಕ್ಕ, ನನ್ನ ಮಿಷನ್ನಿಗೂ ಗೊತ್ತಿಲ್ಲ. ಇದ್ದಿದ್ರೆ, ಕಂಡಕ್ಟರ್ ಅಣ್ಣ ಕೇಳಿಸ್ಕೊಂಡ ಆ ಸದ್ದಲ್ಲಿ ಅವನ ಪಾಲೂ ಇತ್ತು. ಅದು ಸುಳ್ಳಲ್ಲ."

ಅಕ್ಕ ಕೀ ಗೊಂಚಲನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ, ಊಟಕ್ಕೆ ಹೊತ್ತಾಯಿತು ಎಂದು ಹಿತ್ತಲಲ್ಲಿದ್ದವನನ್ನು ಕರೆಯುವಂತೆ, ಮಾಮೂಲು ದನಿಯಲ್ಲಿ, "ತಮ್ಮಾ" ಎಂದು ಒಂದು ಸಲ ಕರೆದರು. ಕೋಣೆ ಆ ದನಿಯನ್ನು ಒಂದು ಕ್ಷಣ ಹಿಡಿದುಕೊಂಡು ಬಿಟ್ಟಿತು. ಮೇಡಂ ಈ ಸಲ ತಲೆ ಓರೆ ಮಾಡಲಿಲ್ಲ. ಹೋಗಿ ಅಕ್ಕನ ಪಕ್ಕದಲ್ಲಿ, ಬರಿ ನೆಲದ ಮೇಲೆ ಕೂತು ಅವರ ಕೈ ಹಿಡಿದುಕೊಂಡರು. ಕಣ್ಣೀರು ಒರೆಸಿಕೊಳ್ಳುವ ಗೋಜಿಗೆ ಇಬ್ಬರೂ ಹೋಗಲಿಲ್ಲ.

"ಅವನು ಓಡಿಹೋಗಿರ್ಲಿಲ್ಲ ಕಣೇ," ಎಂದರು ಅಕ್ಕ.

"ಇಲ್ಲ ಅಕ್ಕ."